ಪದಸೂಚಿ ಮಾಡುವವರು ಯಾರು? ಬಾರ್ಬರಾ ಪಿಮ್ ಬದುಕು ಮತ್ತು ಕಾದಂಬರಿ

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಗೆಳತಿಯ ಒತ್ತಾಯಕ್ಕೆ ಬಾರ್ಬರಾ ಪಿಮ್ ಅವರ ‘ಎಕ್ಸಲೆಂಟ್ ವುಮೆನ್’ ಓದಿದೆ. ಓದುವಾಗ ಬಹಳ ನಗು ಬಂತು. ಆದರೆ ಮುಗಿಸಿದ ಮೇಲೆ ಇದರಲ್ಲಿ ನಡೆದದ್ದಾದರೂ ಏನು ಎನಿಸಿತು. ಚಹಾ, ಚರ್ಚು, ಪಾದ್ರಿ, ಮತ್ತೆ ಚಹಾ. ಇವರನ್ನು ಇಪ್ಪತ್ತನೆಯ ಶತಮಾನದ ಜೇನ್ ಆಸ್ಟಿನ್ ಎನ್ನುತ್ತಾರಲ್ಲ, ಏಕೆ? ಅಷ್ಟು ದೊಡ್ಡ ಲೇಖಕಿಯಾಗಿದ್ದರೆ ಹದಿನಾಲ್ಕು ವರ್ಷ ಒಬ್ಬ ಪ್ರಕಾಶಕನೂ ಅವರನ್ನು ಮುಟ್ಟದೆ ಹೋದದ್ದು ಹೇಗೆ? ಮದುವೆಯಾಗದ ಮಿಲ್ಡ್ರೆಡ್ ಎಂದರೆ ಪಿಮ್ ಅವರೇ ಏನು? ಇವರ ಬೇರೆ ಯಾವ ಪುಸ್ತಕ ಓದಲಿ?

ಉತ್ತರ: ನೀವು ಓದಿರುವ ಪುಸ್ತಕದಿಂದಲೇ, ಅದರಲ್ಲೂ ಒಂದು ತುಂಡು ಮಾಂಸದಿಂದ ಶುರು ಮಾಡುತ್ತೇನೆ. ಮಾನವಶಾಸ್ತ್ರಜ್ಞ ಎವೆರಾರ್ಡ್ ಬೋನ್ ಮಿಲ್ಡ್ರೆಡ್‌ಗೆ ಫೋನ್ ಮಾಡುವ ಸಂದರ್ಭ ನೆನಪಿದೆಯಲ್ಲ? ಮನೆಗೆ ಮಾಂಸ ತಂದಿದ್ದೇನೆ, ಊಟಕ್ಕೆ ಬರುತ್ತೀರಾ ಎಂದು ಕೇಳುತ್ತಾನೆ. ಕರೆದದ್ದು ಊಟಕ್ಕಾದರೂ ಬೇಯಿಸಬೇಕಾದವಳು ತಾನೇ ಎನ್ನುವುದು ಮಿಲ್ಡ್ರೆಡ್‌ಗೆ ಆ ಕ್ಷಣವೇ ಗೊತ್ತಾಗುತ್ತದೆ. ಬರಲಾಗುವುದಿಲ್ಲ ಎಂದುಬಿಡುತ್ತಾಳೆ. ಆಮೇಲೆ ಅವಳಿಗೆ ಸಮಾಧಾನವೇ ಇಲ್ಲ. ಆ ಮನುಷ್ಯ ಹಸಿ ಮಾಂಸ ಮುಂದಿಟ್ಟುಕೊಂಡು ಒಬ್ಬನೇ ಕುಳಿತಿರುವುದು ಕಣ್ಣಿಗೆ ಕಟ್ಟುತ್ತದೆ. ಕಾಲ ಯಾವುದು ಎನ್ನುವುದನ್ನೂ ನೋಡಿ. ಯುದ್ಧ ಮುಗಿದ ಹೊಸತರ ಲಂಡನ್. ಇಂಗ್ಲೆಂಡಿನಲ್ಲಿ ಮಾಂಸದ ರೇಷನ್ 1954ರ ಜುಲೈವರೆಗೂ ಇತ್ತು. ಆಗ ಮಾಂಸವೆಂದರೆ ಕಡಿಮೆ ಮಾತಲ್ಲ. ಗಂಡಸೊಬ್ಬ ತನ್ನ ಪಾಲಿನ ಮಾಂಸ ಹಂಚಿಕೊಳ್ಳಲು ಕರೆಯುವುದರಲ್ಲಿ ಔದಾರ್ಯ ಎಷ್ಟು, ಅಡುಗೆಯವಳ ಹುಡುಕಾಟ ಎಷ್ಟು? ಮಿಲ್ಡ್ರೆಡ್ ಈ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಾಕದೆಯೂ ಇರುವುದಿಲ್ಲ.

ಕಾದಂಬರಿಯ ಕೊನೆಗೆ ಅವಳು ಅವನ ಮನೆಗೆ ಊಟಕ್ಕೆ ಹೋಗುತ್ತಾಳೆ. ಅಡುಗೆ ಬೇರೆಯವರು ಮಾಡಿಟ್ಟಿರುತ್ತಾರೆ, ಅಷ್ಟರಮಟ್ಟಿಗೆ ಬಚಾವು. ಊಟದ ನಂತರ ಎವೆರಾರ್ಡ್ ತನ್ನ ಪುಸ್ತಕದ ಮಾತು ತೆಗೆಯುತ್ತಾನೆ: ಕರಡಚ್ಚು ತಿದ್ದಬೇಕು, ಪದಸೂಚಿ, ಅಂದರೆ ಪುಸ್ತಕದ ಕೊನೆಯ ಇಂಡೆಕ್ಸ್, ಮಾಡಬೇಕು. ಪದಸೂಚಿ ಮಾಡಿದವರಿಗಷ್ಟೇ ಅದರ ಬೇಸರ ಗೊತ್ತು. ಮಿಲ್ಡ್ರೆಡ್ ಒಪ್ಪಿಕೊಳ್ಳುತ್ತಾಳೆ, ಇನ್ನು ತನ್ನ ಬದುಕೂ ತುಂಬಿದ ಬದುಕಾಗಬಹುದು ಎಂದುಕೊಳ್ಳುತ್ತಾಳೆ. ಇದನ್ನು ಸುಖಾಂತ ಎನ್ನಬೇಕೋ ಬೇಡವೋ ಎಂದು ಎಪ್ಪತ್ತು ವರ್ಷಗಳಿಂದ ಓದುಗರು ವಾದ ಮಾಡುತ್ತಿದ್ದಾರೆ. ನನ್ನನ್ನು ಕೇಳಿದರೆ ಇಂಗ್ಲಿಷ್ ಕಾದಂಬರಿಯಲ್ಲಿ ಇಷ್ಟು ಸಭ್ಯವಾಗಿ ಚುಚ್ಚುವ ಮುಕ್ತಾಯಗಳು ಹೆಚ್ಚಿಲ್ಲ.

ನಡೆದದ್ದಾದರೂ ಏನು ಎಂದಿರಿ. ಮೂವತ್ತು ದಾಟಿದ, ತಂದೆತಾಯಿ ಇಲ್ಲದ, ಮದುವೆಯಾಗದ ಹೆಣ್ಣಿಗೆ ಬೇರೆ ಕೆಲಸವೇನಿದ್ದೀತು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಹೊರೆಯನ್ನು ಅವಳ ತಲೆಗೆ ಕಟ್ಟುತ್ತಾರೆ. ನಡೆಯುವುದು ಇದೇ. ಕೆಳಗಿನ ಮನೆಯ ನೇಪಿಯರ್ ದಂಪತಿ ಜಗಳವಾಡಿ ಬೇರೆಯಾದರೆ ಪತ್ರ ಬರೆಯುವವಳು, ಯಾವ ಮೇಜು ಯಾರಿಗೆ ಎಂದು ನಿಂತು ಸಾಮಾನು ಸಾಗಿಸುವವಳು ಮಿಲ್ಡ್ರೆಡ್. ಪಾದ್ರಿ ಜೂಲಿಯನ್ ಮದುವೆಗೆ ಹೊರಟರೆ, ಅವನ ಅಕ್ಕನನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಮದುವಣಗಿತ್ತಿಯೇ ಮಿಲ್ಡ್ರೆಡ್‌ಳನ್ನು ಊಟಕ್ಕೆ ಕರೆದು ಕೇಳುತ್ತಾಳೆ. ಆ ಮದುವೆ ಮುರಿದರೆ ಅಕ್ಕ ಮಳೆಯಲ್ಲಿ ಓಡಿ ಬರುವುದೂ ಮಿಲ್ಡ್ರೆಡ್ ಬಾಗಿಲಿಗೇ. ಪ್ರತಿ ಬೇಡಿಕೆಯ ಹಿಂದೆಯೂ ಒಂದೇ ನಂಬಿಕೆ: ಇವಳಿಗೆ ತನ್ನದು ಅಂತ ಏನಿದೆ? ಕಥೆ ಹೇಳುತ್ತಿರುವವಳು ಅವಳೇ ಆದ್ದರಿಂದ, ಅವಳದ್ದು ಅಂತ ಎಷ್ಟಿದೆ ಎನ್ನುವುದು ನಮಗೆ ಮಾತ್ರ ಕಾಣುತ್ತದೆ.

ಚಹಾದ ಬಗ್ಗೆಯೂ ಒಂದು ಮಾತು. ಚರ್ಚಿನ ಸಭೆಯೊಂದರಲ್ಲಿ ಎಲ್ಲರಿಗೂ ಮತ್ತೆ ಚಹಾ ಮಾಡಲು ಹೊರಟಾಗ ಮಿಲ್ಡ್ರೆಡ್, ನಿಜಕ್ಕೂ ಈಗ ಚಹಾ ಬೇಕೇ ಎಂದು ಬಾಯಿತಪ್ಪಿ ಕೇಳಿಬಿಡುತ್ತಾಳೆ. ಜೊತೆಗಿದ್ದ ಮಿಸ್ ಸ್ಟೇಥಮ್ ದಿಗ್ಭ್ರಮೆಗೊಳ್ಳುತ್ತಾಳೆ. ಯಾವುದೋ ಬುಡದ ನಂಬಿಕೆಗೇ ಕೈ ಹಾಕಿದೆನಲ್ಲ ಎಂದು ಮಿಲ್ಡ್ರೆಡ್‌ಗೆ ಹೊಳೆಯುತ್ತದೆ, ಕೂಡಲೇ ತಮಾಷೆಗೆಂದಳು ಎಂಬಂತೆ ಮಾತು ಹಿಂತೆಗೆದುಕೊಳ್ಳುತ್ತಾಳೆ. ಆ ಪುಟವನ್ನು ಇನ್ನೊಮ್ಮೆ ತೆರೆದು ನೋಡಿ. ಒಂದು ಬುಡಕಟ್ಟಿನ ಆಚರಣೆಯನ್ನು ಹೊರಗಿನವನೊಬ್ಬ ಪ್ರಶ್ನಿಸಿದಾಗ ಏನಾಗುತ್ತದೆಯೋ ಅದೇ ಅಲ್ಲಿ ಆಗುತ್ತದೆ. ಪಿಮ್ ಬರವಣಿಗೆಯ ಗುಟ್ಟು ಇಲ್ಲಿದೆ. ಅದು ಅವರ ಹೊಟ್ಟೆಪಾಡಿನ ಕೆಲಸದಿಂದ ಬಂದದ್ದು.

1946ರಲ್ಲಿ ಅವರು ಲಂಡನ್ನಿನ ಇಂಟರ್‌ನ್ಯಾಷನಲ್ ಆಫ್ರಿಕನ್ ಇನ್‌ಸ್ಟಿಟ್ಯೂಟ್ ಸೇರಿದರು, 1974ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ಸಂಸ್ಥೆಯ ‘ಆಫ್ರಿಕಾ’ ಎಂಬ ಪತ್ರಿಕೆಗೆ ಸಹಾಯಕ ಸಂಪಾದಕಿ. ಕ್ಷೇತ್ರಕಾರ್ಯ ಮುಗಿಸಿ ಬಂದ ಮಾನವಶಾಸ್ತ್ರಜ್ಞರ ಹಸ್ತಪ್ರತಿ ತಿದ್ದುವುದು, ಕರಡಚ್ಚು ನೋಡುವುದು, ಪದಸೂಚಿ ಮಾಡುವುದು, ಇದು ದಿನದ ಕೆಲಸ. ಆಫ್ರಿಕಾಕ್ಕೆ ಅವರು ಒಮ್ಮೆಯೂ ಹೋಗಲಿಲ್ಲ, ಹೋಗುವ ಆಸೆಯೂ ಇದ್ದಂತಿಲ್ಲ. ಆಸಕ್ತಿಯೆಲ್ಲ ಮಾನವಶಾಸ್ತ್ರಜ್ಞರ ಮೇಲೆಯೇ. ಇವರು ಮದುವೆಯಾದದ್ದು ಯಾರನ್ನು, ಆ ಹೆಂಡತಿ ಬೆರಳಚ್ಚು ಮಾಡಿಕೊಡುತ್ತಾಳೋ ಇಲ್ಲವೋ, ಭೋಜನಕೂಟದಲ್ಲಿ ಯಾರು ಯಾರ ಪಕ್ಕ ಕುಳಿತರು! ಬಂಧುತ್ವ, ಕೊಡುಕೊಳೆ, ವಿಧಿನಿಷೇಧ ಎಂದೆಲ್ಲ ದೂರದ ಹಳ್ಳಿಗಳ ಬಗ್ಗೆ ಬರೆಯುತ್ತಿದ್ದವರ ಕಣ್ಣನ್ನು ಎರವಲು ಪಡೆದು ಅವರು ಲಂಡನ್ನಿನ ಒಂದು ಚರ್ಚಿನ ಕೇರಿಯನ್ನು ನೋಡಿದರು.

ಇಲ್ಲಿ ನಮ್ಮವರೊಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಪಿಮ್ ಹಾಸ್ಯ ಮಾಡಿದ ಆ ವಿದ್ವತ್ ಪ್ರಪಂಚದಲ್ಲೇ, ಅದೇ ವರ್ಷಗಳಲ್ಲಿ, ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿದ್ದರು. ಅವರ ಗುರು ರಾಡ್‌ಕ್ಲಿಫ್-ಬ್ರೌನ್ ಮತ್ತು ಪಿಮ್ ಅವರ ಮೇಲಧಿಕಾರಿ ಡ್ಯಾರಿಲ್ ಫೋರ್ಡ್ ಸೇರಿ ಸಂಪಾದಿಸಿದ ಆಫ್ರಿಕಾದ ಬಂಧುತ್ವ ವ್ಯವಸ್ಥೆಗಳ ಗ್ರಂಥ 1950ರಲ್ಲಿ ಆ ಆಫ್ರಿಕನ್ ಸಂಸ್ಥೆಗಾಗಿಯೇ ಪ್ರಕಟವಾಯಿತು. ‘ಎಕ್ಸಲೆಂಟ್ ವುಮೆನ್’ ಬಂದ 1952ರಲ್ಲೇ ಶ್ರೀನಿವಾಸರ ಕೊಡವರ ಅಧ್ಯಯನವೂ ಪುಸ್ತಕವಾಯಿತು. ಇಷ್ಟು ಕಾಕತಾಳೀಯ ಎನ್ನಬಹುದು. ಆದರೆ 1955ರ ‘ಲೆಸ್ ದ್ಯಾನ್ ಏಂಜೆಲ್ಸ್’ ಓದಿದವರಿಗೆ ಇನ್ನೊಂದು ಸಂಗತಿ ಮೈ ಜುಮ್ಮೆನ್ನಿಸುತ್ತದೆ. ಅದರಲ್ಲಿ ಅಲರಿಕ್ ಲಿಡ್ಗೇಟ್ ಎಂಬ ನಿವೃತ್ತ ವಸಾಹತು ಅಧಿಕಾರಿ ಇದ್ದಾನೆ. ಸಂಜೆ ಹೊತ್ತು ಆಫ್ರಿಕಾದ ಮುಖವಾಡ ಹಾಕಿಕೊಂಡು ಒಬ್ಬನೇ ಕೂರುವ ವಿಚಿತ್ರ ಮನುಷ್ಯ. ಪೆಟ್ಟಿಗೆಗಟ್ಟಲೆ ಕ್ಷೇತ್ರ ಟಿಪ್ಪಣಿ ತಂದಿಟ್ಟುಕೊಂಡು, ಇಂದಲ್ಲ ನಾಳೆ ಗ್ರಂಥ ಬರೆಯುತ್ತೇನೆ ಎಂದು ವರ್ಷಗಳನ್ನು ನೂಕಿದ್ದಾನೆ. ಕೊನೆಗೆ ಕ್ಯಾಥರಿನ್ ಎಂಬ ಲೇಖಕಿಯ ಒತ್ತಾಸೆಯಿಂದ ಅಷ್ಟನ್ನೂ ಹಿತ್ತಲಲ್ಲಿ ಗುಡ್ಡೆ ಹಾಕಿ ಸುಟ್ಟುಬಿಡುತ್ತಾನೆ. ಅವನ ಎದೆ ಹಗುರವಾಗುತ್ತದೆ, ವಿದ್ವಾಂಸರ ಎದೆ ಒಡೆಯುತ್ತದೆ. ಹದಿನೈದು ವರ್ಷಗಳ ನಂತರ, 1970ರಲ್ಲಿ, ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಶ್ರೀನಿವಾಸರು ಅಧ್ಯಯನ ಮಾಡಿದ ಮೈಸೂರು ಸೀಮೆಯ ಹಳ್ಳಿ ರಾಂಪುರದ ಟಿಪ್ಪಣಿಗಳು ಸಿಕ್ಕಿದವು. ಅವರು ನೆನಪಿನಿಂದಲೇ ಬರೆದ ರಾಂಪುರದ ಪುಸ್ತಕ 1976ರಲ್ಲಿ ಹೊರಬಂತು, ಅವರ ಅತ್ಯುತ್ತಮ ಕೃತಿ ಎಂದು ಅದನ್ನೇ ಹಲವರು ಹೇಳುತ್ತಾರೆ. ಟಿಪ್ಪಣಿ ಸುಟ್ಟರೆ ಮನುಷ್ಯ ಬರೆಯಲು ಶುರು ಮಾಡಬಹುದು ಎಂದು ಪಿಮ್ ನಗುತ್ತ ಹೇಳಿದ್ದರು. ನಮ್ಮ ಪ್ರೊಫೆಸರರು ಅದನ್ನು ಸಂಕಟದಲ್ಲಿ ಮಾಡಿ ತೋರಿಸಬೇಕಾಯಿತು.

ಇನ್ನು ಬದುಕು. ಬಾರ್ಬರಾ ಪಿಮ್ ಹುಟ್ಟಿದ್ದು 1913ರ ಜೂನ್ 2ರಂದು, ವೇಲ್ಸ್ ಗಡಿಗೆ ಹತ್ತಿರದ ಆಸ್ವೆಸ್ಟ್ರಿ ಎಂಬ ಪಟ್ಟಣದಲ್ಲಿ. ತಂದೆ ವಕೀಲರು. ತಾಯಿ ಊರ ಚರ್ಚಿನಲ್ಲಿ ಆರ್ಗನ್ ನುಡಿಸಲು ನೆರವಾಗುತ್ತಿದ್ದರು, ಪಾದ್ರಿಗಳು ಮನೆಗೆ ಬಂದುಹೋಗುವುದು ರೂಢಿಯಾಗಿತ್ತು. ಮೂರು ವರ್ಷ ಚಿಕ್ಕವಳಾದ ತಂಗಿ ಹಿಲರಿ. 1931ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಹಿಲ್ಡಾಸ್ ಕಾಲೇಜು, ಅಲ್ಲಿ ಹೆನ್ರಿ ಹಾರ್ವಿ ಎಂಬ ಹಿರಿಯ ವಿದ್ಯಾರ್ಥಿಯ ಮೇಲೆ ತಲೆಕೆಟ್ಟು ಹೋಗುವಷ್ಟು ಪ್ರೀತಿ. ಹೆನ್ರಿ ಅವರನ್ನು ಸಮಯಕ್ಕೆ ಬೇಕಾದಂತೆ ಬಳಸಿಕೊಂಡ, ಕೊನೆಗೆ ಫಿನ್ಲೆಂಡಿನ ಹುಡುಗಿಯನ್ನು ಮದುವೆಯಾದ. ಇಂಥ ನೋವನ್ನು ಇಪ್ಪತ್ತೆರಡರ ಹುಡುಗಿಯರು ಸಾಮಾನ್ಯವಾಗಿ ಕವಿತೆ ಮಾಡುತ್ತಾರೆ. ಪಿಮ್ ಮಾಡಿದ್ದು ಬೇರೆ. ತಾನೂ ತಂಗಿಯೂ ಐವತ್ತು ದಾಟಿದ ಅವಿವಾಹಿತೆಯರಾಗಿ ಹಳ್ಳಿಯೊಂದರಲ್ಲಿ ಒಟ್ಟಿಗೆ ಇರುವಂತೆ, ಹೆನ್ರಿ ಅದೇ ಊರಿನ ಹಿರಿಯ ಪಾದ್ರಿಯಾಗಿ, ಸೋಮಾರಿಯಾಗಿ, ಯಾರಿಗೂ ಅರ್ಥವಾಗದ ಪ್ರವಚನ ಮಾಡುತ್ತ ತೂಕಡಿಸುವಂತೆ ಕಾದಂಬರಿ ಬರೆದರು. ಅದೇ ‘ಸಮ್ ಟೇಮ್ ಗೆಜೆಲ್’. ಪ್ರಕಾಶಕರು ಮೊದಲು ತಿರಸ್ಕರಿಸಿದರು. ತಿದ್ದಿ ತೀಡಿ ಅದು ಜೊನಾಥನ್ ಕೇಪ್ ಸಂಸ್ಥೆಯಿಂದ ಬರಲು 1950 ಆಯಿತು.

ಹೀಗಾಗಿ ಮಿಲ್ಡ್ರೆಡ್ ಪಿಮ್ ಅವರೇ ಏನು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ತುಸು ವಕ್ರವಾಗಿದೆ. ಬದುಕಿದ್ದನ್ನು ಬರೆಯುವುದಕ್ಕಿಂತ ಮುಂಚೆಯೇ ಅವರು ಬರೆದದ್ದನ್ನು ಬದುಕಿದರು. ಹಿಲರಿಯ ಮದುವೆ ಯುದ್ಧಕಾಲದಲ್ಲಿ ಆಗಿ ಕೆಲವೇ ವರ್ಷಗಳಲ್ಲಿ ಮುರಿಯಿತು. ಅಕ್ಕತಂಗಿಯರು ಮೊದಲು ಪಿಮ್ಲಿಕೋದಲ್ಲಿ, ಆಮೇಲೆ ಬಾರ್ನ್ಸ್‌ನಲ್ಲಿ, ಕ್ವೀನ್ಸ್ ಪಾರ್ಕ್‌ನಲ್ಲಿ, ಕೊನೆಗೆ ಆಕ್ಸ್‌ಫರ್ಡ್‌ಶೈರಿನ ಫಿನ್‌ಸ್ಟಾಕ್ ಹಳ್ಳಿಯಲ್ಲಿ ಒಟ್ಟಿಗೇ ಸಂಸಾರ ಮಾಡಿದರು. ಇಷ್ಟಕ್ಕೆ ಪಿಮ್ ಅವರನ್ನು ಬಡಪಾಯಿ ಅವಿವಾಹಿತೆ ಎಂದು ಮರುಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರ ದಿನಚರಿ ಓದಿದರೆ ಪ್ರೇಮ ಪ್ರಕರಣಗಳಿಗೆ ಬರವಿಲ್ಲ. ತನಗಿಂತ ಚಿಕ್ಕವನಾದ, ಮುಂದೆ ಕನ್ಸರ್ವೇಟಿವ್ ರಾಜಕಾರಣಿಯಾದ ಜೂಲಿಯನ್ ಏಮರಿ. ಯುದ್ಧಕಾಲದ ಬ್ರಿಸ್ಟಲ್‌ನಲ್ಲಿ ಗಾರ್ಡನ್ ಗ್ಲೋವರ್. ಐವತ್ತರ ಆಚೆ, ಪ್ರಾಚೀನ ವಸ್ತುಗಳ ವ್ಯಾಪಾರ ಮಾಡುತ್ತಿದ್ದ ತರುಣನೊಬ್ಬ. ಮಿಲ್ಡ್ರೆಡ್‌ಗಿಂತ ಅವರು ಹೆಚ್ಚು ಧೈರ್ಯದವರು, ಹೆಚ್ಚು ಅವಿವೇಕಿಯೂ ಹೌದು.

ಅವಿವೇಕ ಎಂದಾಗ ಒಂದನ್ನು ಮುಚ್ಚಿಡಬಾರದು. 1934ರಿಂದ ಅವರು ಹಲವು ಬಾರಿ ಜರ್ಮನಿಗೆ ಹೋದರು, ಅಲ್ಲಿ ಹಿಟ್ಲರನ ಎಸ್‌ಎಸ್ ಪಡೆಯ ಅಧಿಕಾರಿಯೊಬ್ಬನ ಜೊತೆ ಸಂಬಂಧವಿತ್ತು. ನಾಜಿ ಆಡಳಿತದ ನಿಜಬಣ್ಣ ಅವರಿಗೆ ಕಾಣಲು ಬಹಳ ಕಾಲ ಹಿಡಿಯಿತು. ‘ಸಮ್ ಟೇಮ್ ಗೆಜೆಲ್’ನ ಮೊದಲ ಕರಡಿನಲ್ಲಿದ್ದ ನಾಜಿ ಪ್ರಸ್ತಾಪಗಳು ಅಚ್ಚಾಗುವ ಹೊತ್ತಿಗೆ ಮಾಯವಾಗಿದ್ದವು. ಪಾಲಾ ಬರ್ನ್ 2021ರಲ್ಲಿ ಬರೆದ ಜೀವನಚರಿತ್ರೆ ಇದನ್ನೆಲ್ಲ ವಿವರವಾಗಿ ಹೇಳುತ್ತದೆ. ಸುತ್ತಲಿನವರ ಸಣ್ಣ ಸೋಗುಗಳನ್ನು ಅಷ್ಟು ಚುರುಕಾಗಿ ಹಿಡಿಯುತ್ತಿದ್ದ ಕಣ್ಣಿಗೆ ಎದುರಿಗೇ ನಿಂತಿದ್ದ ದೊಡ್ಡ ಅನಿಷ್ಟ ಬೀಳಲಿಲ್ಲ. ಅಭಿಮಾನಿಗಳು ಇದನ್ನು ಯೌವನದ ತಪ್ಪು ಎಂದು ತೇಲಿಸುತ್ತಾರೆ; ನಾನು ಹಾಗೆ ತೇಲಿಸಲಾರೆ. ಅದಕ್ಕೆಂದು ಪುಸ್ತಕಗಳನ್ನು ಎಸೆಯುವುದೂ ಇಲ್ಲ.

ಯುದ್ಧ ಬಂದಾಗ ಮೊದಲು ಬ್ರಿಸ್ಟಲ್‌ನಲ್ಲಿ ಪತ್ರಗಳ ಸೆನ್ಸಾರ್ ಕೆಲಸ. ಕಂಡವರ ಪತ್ರ ಓದುವುದಕ್ಕೆ ಸಂಬಳ, ಕಾದಂಬರಿಕಾರ್ತಿಗೆ ಇದಕ್ಕಿಂತ ಬೇಕೇ! 1943ರಲ್ಲಿ ನೌಕಾಪಡೆಯ ಮಹಿಳಾ ವಿಭಾಗ, ಅಲ್ಲಿಂದ ಇಟಲಿಯ ನೇಪಲ್ಸ್. ‘ಎಕ್ಸಲೆಂಟ್ ವುಮೆನ್’ನ ಸುಂದರಾಂಗ ರಾಕಿ ನೇಪಿಯರ್ ಇಟಲಿಯಲ್ಲಿ ಏನು ಮಾಡುತ್ತಿದ್ದ? ಅಡ್ಮಿರಲ್‌ರ ಔತಣಕೂಟಗಳಲ್ಲಿ ಬಿಳಿ ಸಮವಸ್ತ್ರದೊಳಗೆ ಮುಜುಗರಪಡುತ್ತ ನಿಂತ ಮಹಿಳಾ ಅಧಿಕಾರಿಗಳ ಬಳಿ ಹೋಗಿ ಒಂದು ಗಳಿಗೆ ಅವರನ್ನು ಸಂತೋಷಪಡಿಸುವುದು. ಮಿಲ್ಡ್ರೆಡ್ ಅವನ ಮೋಡಿಗೆ ಸಿಲುಕಿದಾಗಲೆಲ್ಲ ಆ ಬಿಳಿ ಸಮವಸ್ತ್ರದ ಸಾಲು ಅವಳಿಗೆ ನೆನಪಾಗುತ್ತದೆ, ತಾನೂ ಆ ಸಾಲಿನ ಕೊನೆಗೆ ನಿಂತಂತೆ. ಪಿಮ್ ಆ ಸಮವಸ್ತ್ರ ತೊಟ್ಟು ಅಲ್ಲಿ ನಿಂತವರು. ಅವರ ಬದುಕು ಕಾದಂಬರಿಗೆ ಬರುವುದು ಹೀಗೆ: ನಾಯಕಿಯ ಮೈಮೇಲೆ ಬರುವುದಿಲ್ಲ, ಹಿನ್ನೆಲೆಯಲ್ಲಿ ನಿಂತ ಯಾರದೋ ಉಡುಪಿನಲ್ಲಿ ಬರುತ್ತದೆ.

ಈಗ ಹದಿನಾಲ್ಕು ವರ್ಷಗಳ ವಿಚಾರ. 1950ರಿಂದ 1961ರವರೆಗೆ ಕೇಪ್ ಸಂಸ್ಥೆ ಅವರ ಆರು ಕಾದಂಬರಿ ತಂದಿತು. ಒಳ್ಳೆಯ ವಿಮರ್ಶೆ, ಸಾಧಾರಣ ಮಾರಾಟ. ಏಳನೆಯದಾದ ‘ಆ್ಯನ್ ಅನ್‌ಸೂಟಬಲ್ ಅಟ್ಯಾಚ್‌ಮೆಂಟ್’ ಅನ್ನು 1963ರ ಫೆಬ್ರವರಿಯಲ್ಲಿ ಕಳಿಸಿದರು, ಮಾರ್ಚ್‌ನಲ್ಲಿ ವಾಪಸು ಬಂತು. ಕಾಲ ಬದಲಾಯಿತು, ಬೀಟಲ್ಸ್ ಬಂದರು, ಚರ್ಚಿನ ಚಹಾ ಯಾರಿಗೆ ಬೇಕು ಎಂದು ಎಲ್ಲರೂ ಹೇಳುವ ವಿವರಣೆ ಸುಳ್ಳಲ್ಲ. ಅದೇ ಏಪ್ರಿಲ್ 1ರಂದು ಅದೇ ಕೇಪ್ ಸಂಸ್ಥೆ ಹೊಸ ಜೇಮ್ಸ್ ಬಾಂಡ್ ಕಾದಂಬರಿಯನ್ನು ಪೇಟೆಗೆ ಬಿಟ್ಟಿತು. ಆದರೆ ಅಭಿರುಚಿಯ ಮಾತಿಗಿಂತ ದುಡ್ಡಿನ ಮಾತು ನನಗೆ ಮುಖ್ಯವಾಗಿ ಕಾಣುತ್ತದೆ. ಪಿಮ್ ಅವರಂಥವರ ಕಾದಂಬರಿಯನ್ನು ಜನ ಕೊಳ್ಳುತ್ತಿರಲಿಲ್ಲ, ಚಂದಾ ಕಟ್ಟಿ ಎರವಲು ಓದುತ್ತಿದ್ದರು. ಔಷಧದಂಗಡಿಗಳ ಸರಪಳಿಯಾದ ಬೂಟ್ಸ್, ಪುಸ್ತಕ ಮತ್ತು ಪತ್ರಿಕೆ ಮಾರುವ ಡಬ್ಲ್ಯು.ಎಚ್. ಸ್ಮಿತ್, ಎರಡೂ ದೇಶದುದ್ದಕ್ಕೂ ಇಂಥ ಬಾಡಿಗೆ ಗ್ರಂಥಾಲಯ ನಡೆಸುತ್ತಿದ್ದವು. ಮಧ್ಯಮವರ್ಗದ ಹೆಣ್ಣುಮಕ್ಕಳು ಸಾಮಾನು ಕೊಳ್ಳಲು ಹೋದಾಗ ಪುಸ್ತಕ ಬದಲಿಸಿ ತರುವುದು ವಾಡಿಕೆ. ಪ್ರಕಾಶಕರಿಗೆ ಅದು ಖಾತರಿ ಗಿರಾಕಿ. ಸ್ಮಿತ್ ಗ್ರಂಥಾಲಯ 1961ರಲ್ಲಿ ಮುಚ್ಚಿತು, ಬೂಟ್ಸ್ ಗ್ರಂಥಾಲಯ 1966ರಲ್ಲಿ. ಕಾಲಡಿಯ ನೆಲವೇ ಹೋಯಿತು. ಪಿಮ್ ಒಬ್ಬರೇ ಅಲ್ಲ, ಅದೇ ಬಗೆಯ ಬಹಳಷ್ಟು ಲೇಖಕಿಯರು ಆ ದಶಕದಲ್ಲಿ ಸದ್ದಿಲ್ಲದೆ ಮರೆಯಾದರು.

ಇನ್ನೊಂದು ಸತ್ಯವನ್ನೂ ಹೇಳಬೇಕು. ತಿರಸ್ಕೃತವಾದ ಆ ಕಾದಂಬರಿ ಅವರ ಉಳಿದವುಗಳಷ್ಟು ಗಟ್ಟಿಯಾಗಿಲ್ಲ. ಪಾದ್ರಿ ಮನೆತನದ ಗ್ರಂಥಪಾಲಕಿ ಇಯಾಂತಿ ತನಗಿಂತ ಕಿರಿಯನಾದ, ಅಂತಸ್ತಿನಲ್ಲಿ ಕೆಳಗಿನವನಾದ ಸಹೋದ್ಯೋಗಿಯನ್ನು ಪ್ರೀತಿಸುವ ಕಥೆ. ಸುತ್ತಲಿನ ಪಾತ್ರಗಳು, ಫಾಸ್ಟಿನಾ ಎಂಬ ಬೆಕ್ಕೂ ಸೇರಿದಂತೆ, ಜೀವಂತ. ನಡುವಿನ ಪ್ರೇಮ ಮಾತ್ರ ಸಪ್ಪೆ. 1982ರಲ್ಲಿ ಅದು ಕೊನೆಗೂ ಅಚ್ಚಾದಾಗ ಮುನ್ನುಡಿ ಬರೆದ ಫಿಲಿಪ್ ಲಾರ್ಕಿನ್ ಕೂಡ ಈ ದೋಷವನ್ನು ಒಪ್ಪಿಕೊಂಡಿದ್ದಾರೆ. ತಿದ್ದಿಕೊಡಿ ಎನ್ನಬಹುದಾಗಿತ್ತು. ಅದಾಗಲೇ ಆರು ಪುಸ್ತಕ ಕೊಟ್ಟ ಲೇಖಕಿಗೆ ಒಂದು ಪತ್ರದಲ್ಲಿ ಬಾಗಿಲು ಮುಚ್ಚಿದ್ದು ಅನ್ಯಾಯ. ಸಂಸ್ಥೆಯ ಹೊಸ ಸಂಪಾದಕ ಟಾಮ್ ಮ್ಯಾಶ್ಲರ್ ಮೇಲೆ ಅಕ್ಕತಂಗಿಯರಿಗೆ ಎಷ್ಟು ಕೋಪವಿತ್ತೆಂದರೆ, ಹಾಲು ಹಾಕಿ ಮಾಡುವ ಒಂದು ಬಗೆಯ ಜೆಲ್ಲಿಗೆ ಮನೆಯಲ್ಲಿ ‘ಮ್ಯಾಶ್ಲರ್ ಪುಡಿಂಗ್’ ಎಂದು ಹೆಸರಿಟ್ಟಿದ್ದರು. ಇದಕ್ಕಿಂತ ಪಿಮ್ ಶೈಲಿಯ ಸೇಡು ಇರಲಾರದು.

ಆ ವರ್ಷಗಳಲ್ಲಿ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ‘ದ ಸ್ವೀಟ್ ಡವ್ ಡೈಡ್’ ಬರೆದು ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆಸಿದರು. ಹಲ್ ವಿಶ್ವವಿದ್ಯಾಲಯದ ಗ್ರಂಥಪಾಲಕರೂ ಕವಿಯೂ ಆಗಿದ್ದ ಲಾರ್ಕಿನ್ 1961ರಿಂದಲೇ ಅವರಿಗೆ ಪತ್ರ ಬರೆಯುತ್ತಿದ್ದರು. ತಮ್ಮ ಪ್ರಕಾಶಕರಾದ ಫೇಬರ್ ಸಂಸ್ಥೆಗೆ ಶಿಫಾರಸು ಮಾಡಿದರೂ ಕೆಲಸವಾಗಲಿಲ್ಲ. ಹದಿನಾಲ್ಕು ವರ್ಷ ಪತ್ರ ಬರೆದುಕೊಂಡವರು ಮುಖಾಮುಖಿಯಾದದ್ದು 1975ರಲ್ಲಿ, ಆಕ್ಸ್‌ಫರ್ಡಿನ ರ‍್ಯಾಂಡಾಲ್ಫ್ ಹೋಟೆಲಿನಲ್ಲಿ. ಅಷ್ಟರಲ್ಲಿ ಪಿಮ್ 1971ರಲ್ಲಿ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯನ್ನೂ 1974ರಲ್ಲಿ ಪಾರ್ಶ್ವವಾಯುವನ್ನೂ ದಾಟಿದ್ದರು.

1977ರ ಜನವರಿ 21ರಂದು ‘ಟೈಮ್ಸ್ ಲಿಟರರಿ ಸಪ್ಲಿಮೆಂಟ್’ ತನ್ನ ಎಪ್ಪತ್ತೈದನೆಯ ವರ್ಷದ ನೆಪದಲ್ಲಿ, ಶತಮಾನದಲ್ಲಿ ಅತಿಯಾಗಿ ಹೊಗಳಿಸಿಕೊಂಡವರು ಯಾರು, ತಕ್ಕ ಮನ್ನಣೆ ಸಿಗದವರು ಯಾರು ಎಂದು ಗಣ್ಯರನ್ನು ಕೇಳಿ ಅವರ ಉತ್ತರ ಪ್ರಕಟಿಸಿತು. ಮನ್ನಣೆ ಸಿಗದವರೆಂದು ಇಬ್ಬರಿಂದ ಹೆಸರಿಸಲ್ಪಟ್ಟ ಬದುಕಿರುವ ಲೇಖಕರು ಪಿಮ್ ಒಬ್ಬರೇ. ಒಬ್ಬರು ಲಾರ್ಕಿನ್, ಇನ್ನೊಬ್ಬರು ವಿಮರ್ಶಕ ಲಾರ್ಡ್ ಡೇವಿಡ್ ಸೆಸಿಲ್. ಮುಂದಿನ ತಿಂಗಳೇ ಮ್ಯಾಕ್‌ಮಿಲನ್ ಸಂಸ್ಥೆ ‘ಕ್ವಾರ್ಟೆಟ್ ಇನ್ ಆಟಮ್’ ಹಸ್ತಪ್ರತಿಯನ್ನು ಒಪ್ಪಿಕೊಂಡಿತು. ಅದೇ ವರ್ಷ ಅದು ಬುಕರ್ ಅಂತಿಮ ಪಟ್ಟಿಗೂ ಬಂತು. ತೀರ್ಪುಗಾರರ ಅಧ್ಯಕ್ಷರು ಲಾರ್ಕಿನ್ ಅವರೇ ಆಗಿದ್ದರೂ ಪ್ರಶಸ್ತಿ ಹೋದದ್ದು ಪಾಲ್ ಸ್ಕಾಟ್ ಅವರ ‘ಸ್ಟೇಯಿಂಗ್ ಆನ್’ಗೆ. ಸ್ವಾತಂತ್ರ್ಯದ ನಂತರವೂ ಭಾರತದ ಗಿರಿಧಾಮದಲ್ಲಿ ಉಳಿದುಹೋದ ಮುದಿ ಇಂಗ್ಲಿಷ್ ದಂಪತಿಯ ಕಥೆ ಅದು. ಒಂದೇ ಪಟ್ಟಿಯಲ್ಲಿ ಎರಡು ಇಳಿವಯಸ್ಸಿನ ಕಾದಂಬರಿಗಳು, ಎರಡನ್ನೂ ಒಟ್ಟಿಗೆ ಓದಿದರೆ ಸಾಮ್ರಾಜ್ಯ ಮುಗಿದ ದೇಶದ ಮನಸ್ಸು ಚೆನ್ನಾಗಿ ತಿಳಿಯುತ್ತದೆ.

ಬಾಗಿಲು ಮುಚ್ಚಿದ್ದ ಕೇಪ್ ಈಗ ಹಳೆಯ ಪುಸ್ತಕಗಳನ್ನು ಮರುಮುದ್ರಿಸಿತು. ‘ಸ್ವೀಟ್ ಡವ್’ 1978ರಲ್ಲಿ ಹೊರಬಂತು. ಈ ಎರಡನೆಯ ಇನ್ನಿಂಗ್ಸ್‌ಗೆ ಸಿಕ್ಕಿದ್ದು ಮೂರೇ ವರ್ಷ. ಕ್ಯಾನ್ಸರ್ ಮರಳಿ, 1980ರ ಜನವರಿ 11ರಂದು ಅವರು ತೀರಿಕೊಂಡರು. ಸಮಾಧಿ ಫಿನ್‌ಸ್ಟಾಕ್ ಚರ್ಚಿನ ಅಂಗಳದಲ್ಲಿದೆ. 1927ರಲ್ಲಿ ಟಿ.ಎಸ್. ಎಲಿಯಟ್ ದೀಕ್ಷಾಸ್ನಾನ ಪಡೆದದ್ದೂ ಅದೇ ಚರ್ಚಿನಲ್ಲಿ.

ಪಿಮ್ ಎಂದರೆ ಬರೀ ಚಹಾ ಎನ್ನುವವರ ಕೈಗೆ ನಾನು ‘ಕ್ವಾರ್ಟೆಟ್ ಇನ್ ಆಟಮ್’ ಕೊಡುತ್ತೇನೆ. ಲಂಡನ್ನಿನ ಒಂದು ಕಚೇರಿ, ನಿವೃತ್ತಿಗೆ ಬಂದ ನಾಲ್ವರು: ಎಡ್ವಿನ್, ನಾರ್ಮನ್, ಲೆಟಿ, ಮಾರ್ಸಿಯಾ. ಅವರು ಮಾಡುವ ಕೆಲಸವೇನು ಎಂದು ಪುಸ್ತಕ ಕೊನೆಯವರೆಗೂ ಹೇಳುವುದಿಲ್ಲ. ಇಬ್ಬರು ಹೆಂಗಸರು ನಿವೃತ್ತರಾದಾಗ ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವ ಅಗತ್ಯವೂ ಬೀಳುವುದಿಲ್ಲ. ಮಾರ್ಸಿಯಾಗೆ ಸ್ತನದ ಶಸ್ತ್ರಚಿಕಿತ್ಸೆಯಾಗಿದೆ, ಆ ಶಸ್ತ್ರವೈದ್ಯನ ಮೇಲೆ ಅವಳಿಗೆ ಒಂದು ಬಗೆಯ ಭಕ್ತಿ. ಮನೆಯ ಕಪಾಟಿನಲ್ಲಿ ಡಬ್ಬಿ ಆಹಾರವನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದಾಳೆ, ತಿನ್ನುವುದು ಕಡಿಮೆ. ಹಿತ್ತಲ ಕೊಟ್ಟಿಗೆಯಲ್ಲಿ ಖಾಲಿ ಹಾಲಿನ ಬಾಟಲಿಗಳ ಸಾಲು, ಮತ್ತೆ ಯುದ್ಧ ಬಂದು ಬಾಟಲಿ ಸಿಗದೆ ಹೋದರೆ ಎಂದು. ಆ ಸಾಲಿನಲ್ಲಿ ಬೇರೆ ಡೈರಿಯ ಬಾಟಲಿಯೊಂದು ಸೇರಿಬಿಟ್ಟಿದೆ. ಅದು ಲೆಟಿ ಎಂದೋ ಕೊಟ್ಟದ್ದು. ಆ ಒಂದು ಬಾಟಲಿ ಮಾರ್ಸಿಯಾಳನ್ನು ಇನ್ನಿಲ್ಲದಂತೆ ಪೀಡಿಸುತ್ತದೆ, ಅದನ್ನು ಲೆಟಿಗೆ ವಾಪಸು ಮಾಡುವವರೆಗೂ ನೆಮ್ಮದಿಯಿಲ್ಲ. ಡಬ್ಬಿಗಳಿಂದ ತುಂಬಿದ ಮನೆಯಲ್ಲಿ ಅವಳು ಅನ್ನ ಬಿಟ್ಟು ಕುಸಿಯುತ್ತಾಳೆ, ಆಸ್ಪತ್ರೆಯಲ್ಲಿ ಸಾಯುತ್ತಾಳೆ. ಸಮಾಜಸೇವಕಿ ಬಂದು ಬಾಗಿಲು ತಟ್ಟಿದ್ದಳು, ಸಹೋದ್ಯೋಗಿಗಳು ಕರೆದು ಊಟ ಹಾಕಿಸಿದ್ದರು, ಎಲ್ಲರೂ ಅವರವರ ಕರ್ತವ್ಯ ಮಾಡಿದ್ದರು. ಮಿಲ್ಡ್ರೆಡ್‌ಗೆ ಎಲ್ಲರೂ ಕೆಲಸ ಹೊರಿಸುತ್ತಿದ್ದರು. ಮಾರ್ಸಿಯಾಗೆ ಹೊರಿಸಲು ಯಾರ ಬಳಿಯೂ ಏನೂ ಇಲ್ಲ. ಎರಡರಲ್ಲಿ ಯಾವುದು ಹೆಚ್ಚು ಭಯಂಕರ ಎಂದು ಪಿಮ್ ಹೇಳುವುದಿಲ್ಲ.

ಜೇನ್ ಆಸ್ಟಿನ್ ಹೋಲಿಕೆ ಪ್ರಕಾಶಕರಿಗೆ ಅನುಕೂಲ, ಓದುಗರಿಗೆ ಅಷ್ಟಲ್ಲ. ವ್ಯಂಗ್ಯವೊಂದು ಇಬ್ಬರಿಗೂ ಸಾಮಾನ್ಯ. ಆಸ್ಟಿನ್ ಕಥೆಗಳು ಮದುವೆಯ ಕಡೆಗೆ ಓಡುತ್ತವೆ, ಆಸ್ತಿಯ ಲೆಕ್ಕ ಅಲ್ಲಿ ಚುಕ್ತಾ ಆಗಲೇಬೇಕು. ಪಿಮ್ ಲೋಕದಲ್ಲಿ ಮದುವೆ ಆದರೂ ಆಯಿತು, ಬಿಟ್ಟರೂ ಬಿಟ್ಟಿತು. ಎಷ್ಟರ ಮಟ್ಟಿಗೆಂದರೆ, ಮಿಲ್ಡ್ರೆಡ್ ಮುಂದೆ ಎವೆರಾರ್ಡ್‌ನನ್ನೇ ಮದುವೆಯಾದಳು ಎನ್ನುವ ಸುದ್ದಿ ನಮಗೆ ಸಿಗುವುದು ನಂತರದ ಕಾದಂಬರಿಗಳಲ್ಲಿ, ಬೇರೆ ಯಾರೋ ಆಡುವ ಹರಟೆಯ ನಡುವೆ. ಬೆರಳಚ್ಚು, ಪದಸೂಚಿಗಳ ಮಾತೂ ಜೊತೆಗೇ ಬರುತ್ತದೆ.

ಮುಂದೆ ಏನು ಓದಬೇಕು? ನಿಮಗೆ ನಗು ಬಂದಿದೆ ಎಂದ ಮೇಲೆ ‘ಸಮ್ ಟೇಮ್ ಗೆಜೆಲ್’ ಹಿಡಿಯಿರಿ. ಹೊಲಿಗೆಗೆ ಬಂದ ಮಿಸ್ ಪ್ರಯರ್‌ಗೆ ಬಡಿಸಿದ ಹೂಕೋಸಿನಲ್ಲಿ ಕಂಬಳಿಹುಳು ಸಿಗುವ ಒಂದು ಪ್ರಕರಣ ಅದರಲ್ಲಿದೆ. ಮನೆಯೊಡತಿ ಬೆಲಿಂಡಾ ನಾಚಿಕೆಯಿಂದ ಕುಗ್ಗಿಹೋಗುತ್ತಾಳೆ. ಕೂಲಿಗೆ ಬಂದವಳ ತಟ್ಟೆ, ಒಡತಿಯ ಮಾನ, ಇವೆರಡರ ನಡುವಿನ ಸೂಕ್ಷ್ಮವನ್ನು ನಮ್ಮ ಮನೆಗಳಲ್ಲಿ ಬೆಳೆದವರಿಗೆ ಯಾರೂ ವಿವರಿಸಬೇಕಿಲ್ಲ. ಆಮೇಲೆ ‘ಎ ಗ್ಲಾಸ್ ಆಫ್ ಬ್ಲೆಸಿಂಗ್ಸ್’. ವಿಲ್ಮೆಟ್ ಎಂಬ ಗೃಹಿಣಿ ಒಬ್ಬನನ್ನು ಮೋಹಿಸಿ, ಅವನು ಇನ್ನೊಬ್ಬ ಗಂಡಸಿನ ಜೊತೆ ಸಂಸಾರ ಮಾಡುತ್ತಿದ್ದಾನೆಂದು ಕಂಡುಕೊಳ್ಳುತ್ತಾಳೆ. 1958ರ ಪುಸ್ತಕವದು, ಇಂಗ್ಲೆಂಡಿನಲ್ಲಿ ಅಂಥ ಸಂಬಂಧ 1967ರವರೆಗೂ ಅಪರಾಧ. ಪಿಮ್ ಗದ್ದಲವೆಬ್ಬಿಸದೆ ಆ ಇಬ್ಬರಿಗೂ ಚಹಾ ಕೊಟ್ಟು ಕೂರಿಸುತ್ತಾರೆ. ಮೂರನೆಯದಾಗಿ ‘ಕ್ವಾರ್ಟೆಟ್’, ಆದರೆ ಮನಸ್ಸು ಗಟ್ಟಿಯಿರುವ ವಾರ ನೋಡಿಕೊಂಡು. ಸಮಾಜಶಾಸ್ತ್ರದ ಸಹೋದ್ಯೋಗಿಗಳಿದ್ದರೆ ಅವರಿಗೆ ‘ಲೆಸ್ ದ್ಯಾನ್ ಏಂಜೆಲ್ಸ್’ ಕೊಡಿ. ದಿನಚರಿ, ಪತ್ರಗಳ ಸಂಗ್ರಹ ‘ಎ ವೆರಿ ಪ್ರೈವೇಟ್ ಐ’ 1984ರದು. ತಂಗಿ ಹಿಲರಿ ಮತ್ತು ಕಚೇರಿಯ ಗೆಳತಿ ಹೇಜೆಲ್ ಹೋಲ್ಟ್ ಸೇರಿ ಸಂಪಾದಿಸಿದ್ದಾರೆ, ಕಾದಂಬರಿಗಳಷ್ಟೇ ರುಚಿಕರ. ಮರಣಾನಂತರ ಬಂದವುಗಳಲ್ಲಿ ‘ಕ್ರ್ಯಾಂಪ್ಟನ್ ಹಾಡ್ನೆಟ್’ ಓದಿದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತೀರಿ. ‘ಆ್ಯನ್ ಅಕಾಡೆಮಿಕ್ ಕ್ವೆಶ್ಚನ್’ ಮಾತ್ರ, ನೀವೂ ಕಾಲೇಜಿನವರೇ ಆದರೂ, ಕೊನೆಗೆ ಇಟ್ಟುಕೊಳ್ಳಿ. ಅವರೇ ಮುಗಿಸದೆ ಬಿಟ್ಟ ಕರಡುಗಳನ್ನು ಹೋಲ್ಟ್ ಜೋಡಿಸಿದ್ದು, ಓದದಿದ್ದರೂ ನಷ್ಟವಿಲ್ಲ.